ಪ್ರವಾಸಿಗರ ನಿಸರ್ಗದೃಷ್ಟಿ

ಒಂದೇ ಬೆಟ್ಟ, ಒಂದೇ ನೀರು ನೋಡುವವರ ಬಾಲ್ಯದ ರೂಢಿ, ನಂಬಿಕೆಗಳಿಗೆ ತಕ್ಕಂತೆ ಬೇರೆಬೇರೆಯಾಗಿ ಕಾಣುವುದು. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ತಲಕಾವೇರಿಗೆ ಬರುವ ಕೊಡವರಿಗೆ ಪುಟ್ಟ ಕುಂಡಿಕೆಯ ನೀರು ಸಾಕ್ಷಾತ್ ಕಾವೇರಮ್ಮೆ. ಮನೆಯಲ್ಲಿ ಉಳಿದವರಿಗೂ ಬಿಂದಿಗೆ, ಬಾಟಲಿಗಳಲ್ಲಿ ತುಂಬಿ ಒಯ್ಯುತ್ತಾರೆ. ಮಂಜು ನೋಡಲೆಂದೇ ಬಂದ ನಗರದವರ ಕಣ್ಣು ಕುಂಡಿಕೆಯನ್ನು ದಾಟಿ ಬೆಟ್ಟಸಾಲಿನತ್ತ ಹೋಗುತ್ತದೆ.

ಆಸ್ಟ್ರೇಲಿಯಾದ ಉಲುರುವಿನಲ್ಲಿ ಈ ಅಂತರ ತಿಕ್ಕಾಟವೇ ಆಯಿತು. ಶಿಖರ ಮುಟ್ಟುವುದೇ ಸಾಹಸವೆಂದು ಕಲಿತು ಬೆಳೆದವರು ಸರಪಳಿ ಹಿಡಿದು 348 ಮೀಟರ್ ಎತ್ತರದ ಆ ಬಂಡೆ ಏರಿದರು. ಅದು ಪೂರ್ವಿಕರ ಪವಿತ್ರ ಹಾದಿ, ಹತ್ತಬೇಡಿ ಎಂದು ಅಲ್ಲಿನ ಮೂಲನಿವಾಸಿ ಅನಂಗು ಜನ ಬೇಡಿಕೊಂಡರು. ಆ ಮಾತಿಗೆ ಬೆಲೆ ಸಿಗಲು ಇಷ್ಟು ಕಾಲ ಹಿಡಿದದ್ದು ನೋವಿನ ಸಂಗತಿ: ಭೂಮಿಯ ಒಡೆತನ ಅವರಿಗೆ ಮರಳಿದ್ದು 1985ರ ಅಕ್ಟೋಬರ್ 26ರಂದು, ಏರುದಾರಿ ಮುಚ್ಚಿದ್ದು 2019ರ ಅದೇ ದಿನ.