ಮೂಲೆ ಸೇರಿದ್ದ 606

ಮದ್ದು ಹುಡುಕಿದವರ ಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಫ್ರಾಂಕ್‌ಫರ್ಟಿನ ಪ್ರಯೋಗಶಾಲೆಯೊಂದರಲ್ಲಿ ನಿಂತುಬಿಡುತ್ತದೆ. ಪಾಲ್ ಎರ್ಲಿಖ್ ಮತ್ತು ಅವರ ಸಂಗಡಿಗರು ಅಲ್ಲಿ ಪಾಷಾಣದ ಸಂಯುಕ್ತಗಳನ್ನು ಒಂದಾದ ಮೇಲೊಂದರಂತೆ ತಯಾರಿಸಿ, ಸಂಖ್ಯೆ ಕೊಟ್ಟು, ರೋಗ ತಗುಲಿಸಿದ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಕ್ರಿಮಿ ಸಾಯಬೇಕು, ಪ್ರಾಣಿ ಉಳಿಯಬೇಕು, ಜರಡಿಯೆಂದರೆ ಇಷ್ಟೇ. 1907ರಲ್ಲಿ ಸಿದ್ಧವಾದ 606 ಎಂಬ ಸಂಖ್ಯೆಯದು ನಿಷ್ಪ್ರಯೋಜಕವೆಂಬ ಷರಾ ಪಡೆದು ಮೂಲೆ ಸೇರಿತು.

1909ರಲ್ಲಿ ಜಪಾನಿನಿಂದ ಬಂದ ಸಹಾಚಿರೊ ಹಾತಾ ಮೊಲಗಳಿಗೆ ಸಿಫಿಲಿಸ್ ತಗುಲಿಸುವ ವಿದ್ಯೆ ಬಲ್ಲವರು. ಹಳೆಯ ಸಂಯುಕ್ತಗಳನ್ನು ಅವರು ಮತ್ತೆ ಪರೀಕ್ಷಿಸಿದರು. ತಳ್ಳಿಹಾಕಿದ್ದ 606ರಿಂದ ಮೊಲಗಳ ಹುಣ್ಣು ಮಾಯ್ದವು. 1910ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಪೇಟೆಗೆ ಬಂತು. ನಡುವಿನ ಆ ಎರಡು ವರ್ಷಗಳಲ್ಲಿ ಕಣ್ಣು, ಬುದ್ಧಿ, ಪ್ರಾಣ ಕಳೆದುಕೊಂಡವರೆಷ್ಟು ಮಂದಿಯೋ! ಆದರೂ ಷರಾ ಬರೆದ ಸಹಾಯಕನನ್ನು ದೂರಲು ನನಗೆ ಮನಸ್ಸಾಗದು. ಹೊಟ್ಟಿನ ರಾಶಿಯ ನಡುವೆ ಕಾಳೊಂದು ಕಣ್ತಪ್ಪುವುದು ಸಹಜ.

ಇಂದು ಆ ರಾಶಿ ಬೆಟ್ಟವಾಗಿದೆ. ಅಂಗೈಯಗಲದ ತಟ್ಟೆಯೊಂದರಲ್ಲಿ 1536 ಗುಳಿಗಳು. ಯಂತ್ರದ ಕೈ ದಿನವೊಂದಕ್ಕೆ ಲಕ್ಷ ಸಂಯುಕ್ತಗಳನ್ನು ಪರೀಕ್ಷಿಸಬಲ್ಲದು. ಗುಳಿಯಲ್ಲಿರುವುದು ಮಾತ್ರ ಮೊಲವಲ್ಲ, ಒಂದು ಪ್ರೋಟೀನು ಅಥವಾ ಒಂದಿಷ್ಟು ಜೀವಕೋಶ. ಅಲ್ಲಿ ಗೆದ್ದದ್ದನ್ನು ಮತ್ತೆ ಪ್ರಾಣಿಯ ಮೈಯಲ್ಲಿ ಪರೀಕ್ಷಿಸುತ್ತಾರೆ; ಸೋತದ್ದು 606ರಂತೆಯೇ ಸಂಖ್ಯೆ ಹೊತ್ತು ಕಪಾಟಿನಲ್ಲಿ ಉಳಿಯುತ್ತದೆ.