ಬರೀ ನೀರು ಹೊಡೆದ ಗಿಡ ಹೇಳಿದ ಗುಟ್ಟು

ಹೊಲದ ಬದುವಿನಲ್ಲಿ ಮುಟ್ಟಿದರೆ ಮುನಿ ಗಿಡ ಕಂಡರೆ ಮುಟ್ಟದೆ ಹೋಗುವ ಮಕ್ಕಳಿಲ್ಲ. ಎಲೆಯ ಬುಡದ ಗಂಟಿನಲ್ಲಿ ನೀರಿನ ಒತ್ತಡ ಇಳಿಯುತ್ತದೆ, ಎಲೆ ಮಡಚಿಕೊಳ್ಳುತ್ತದೆ. ಹಾಗಾದರೆ ಮಡಚಿಕೊಳ್ಳದ ಗಿಡಗಳಿಗೆ ನಾವು ಮುಟ್ಟಿದ್ದು ಗೊತ್ತೇ ಆಗುವುದಿಲ್ಲವೇ?

ಗೊತ್ತಾಗುತ್ತದೆ. ಅಮೆರಿಕದ ವಿಜ್ಞಾನಿ ಮಾರ್ಕ್ ಜಾಫೆ ಬೀನ್ಸ್ ಮುಂತಾದ ಗಿಡಗಳ ಕಾಂಡವನ್ನು ದಿನಾ ಕೆಲವು ಸೆಕೆಂಡು ಬೆರಳಿನಿಂದ ಸವರಿ ನೋಡಿದರು. ಸವರಿಸಿಕೊಂಡ ಗಿಡಗಳು ಗಿಡ್ಡವಾದವು. 1973ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಆದರೆ ಗಿಡದ ಒಳಗೆ ಏನು ನಡೆಯುತ್ತದೆ ಎಂಬುದು ಆಗ ತಿಳಿದಿರಲಿಲ್ಲ.

ಅದರ ಸುಳಿವು ಸಿಕ್ಕಿದ್ದು 1990ರಲ್ಲಿ, ಅದೂ ಬೇರೇನೋ ಹುಡುಕುವಾಗ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಬ್ರಾಮ್ ಮತ್ತು ರೊನಾಲ್ಡ್ ಡೇವಿಸ್ ಅವರು ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡಕ್ಕೆ ಜಿಬ್ಬರೆಲಿನ್ ಹಾರ್ಮೋನ್ ಸಿಂಪಡಿಸಿದರು. ನಮ್ಮ ದ್ರಾಕ್ಷಿ ಬೆಳೆಗಾರರು ‘ಜಿಎ’ ಅನ್ನುವುದು ಇದನ್ನೇ. ಹಾರ್ಮೋನ್ ಬಿದ್ದಾಗ ಯಾವ ಜೀನುಗಳು ಚುರುಕಾಗುತ್ತವೆ ಎಂದು ನೋಡುವುದು ಅವರ ಉದ್ದೇಶ. ಹೋಲಿಸಲು ಕೆಲವು ಗಿಡಗಳಿಗೆ ಬರೀ ನೀರು ಹೊಡೆದರು.

ನೀರು ಹೊಡೆದ ಗಿಡದಲ್ಲೂ ಅವೇ ಜೀನುಗಳು ಚುರುಕಾಗಿದ್ದವು!

ಪ್ರಯೋಗ ಕೆಟ್ಟಿತೆಂದು ಅವರು ಕೈಬಿಡಲಿಲ್ಲ. ಎರಡೂ ಗಿಡಗಳಿಗೆ ಸಮಾನವಾಗಿ ಸಿಕ್ಕಿದ್ದೇನು ಎಂದು ಯೋಚಿಸಿದರು. ಅದು ಹನಿಗಳ ಪೆಟ್ಟು. ಗಾಳಿ ಬೀಸಿ ನೋಡಿದರು, ಕೈಯಿಂದ ಮುಟ್ಟಿ ನೋಡಿದರು. 10ರಿಂದ 30 ನಿಮಿಷದೊಳಗೆ ಆ ಜೀನುಗಳ ಸಂದೇಶ 100 ಪಟ್ಟಿನವರೆಗೂ ಏರಿತ್ತು. ಹಾಗಾಗಿ ಅವಕ್ಕೆ ‘ಟಚ್’ ಜೀನುಗಳೆಂದೇ ಹೆಸರಾಯಿತು. ಅವುಗಳಲ್ಲಿ ಒಂದು ತಯಾರಿಸುವುದು ಕ್ಯಾಲ್ಮೊಡುಲಿನ್ ಎಂಬ ಪ್ರೋಟೀನು. ಜೀವಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಅದನ್ನು ಗುರುತಿಸಿ ಮುಂದಿನ ಕೆಲಸಕ್ಕೆ ಸೂಚನೆ ಕೊಡುವ ಈ ಪ್ರೋಟೀನು ನಮ್ಮ ಮೈಯಲ್ಲೂ ಇದೆ. ದಿನಕ್ಕೆರಡು ಸಲ ಮುಟ್ಟಿದ ಗಿಡಗಳು ಇಲ್ಲೂ ಗಿಡ್ಡವಾಗಿಯೇ ಬೆಳೆದವು. ಗಾಳಿಗೆ ಬಾಗಿ ಮುರಿಯುವುದಕ್ಕಿಂತ ಕುಳ್ಳಗಿರುವುದು ಗಿಡಕ್ಕೆ ಕ್ಷೇಮ.

ಬರೀ ನೀರಿನ ಆ ಗಿಡಗಳು ಇಲ್ಲದಿದ್ದರೆ ಎಲ್ಲವೂ ಹಾರ್ಮೋನಿನ ಮಹಿಮೆ ಎಂದೇ ದಾಖಲಾಗುತ್ತಿತ್ತು. ವರದಿಗೆಂದು ಹಳ್ಳಿ ಸುತ್ತುವಾಗ ‘ಈ ಟಾನಿಕ್ ಹೊಡೆದ ಮೇಲೆ ಬೆಳೆ ಎದ್ದುನಿಂತಿತು’ ಎಂಬ ಮಾತು ಆಗಾಗ ಕೇಳುತ್ತೇನೆ. ಎದ್ದಿರಲೂಬಹುದು. ಆದರೆ ಮುಂದಿನ ಸಲ ಹೊಸ ಔಷಧಿ ಹೊಡೆಯುವಾಗ ಪಕ್ಕದ ಎರಡು ಸಾಲಿಗೆ ಅದೇ ಹೊತ್ತಿಗೆ ಬರೀ ನೀರು ಹೊಡೆದು ನೋಡಿ. ದುಡ್ಡು ಕೊಡುವ ಮೊದಲು ಆ ಎರಡು ಸಾಲು ಏನು ಹೇಳುತ್ತವೆ ಎಂದು ಕೇಳಿಸಿಕೊಳ್ಳಿ.