ಬಾಣ, ಬಾವಿ ಮತ್ತು ತುಕ್ಕು: ಬಿದನೂರು ನಗರದ ಕಬ್ಬಿಣದ ರಾಕೆಟ್‌ಗಳನ್ನು ಕುರಿತು

ಕನ್ನಡದಲ್ಲಿ ಮದ್ದು ಎಂಬ ಒಂದೇ ಪದ ಔಷಧವನ್ನೂ ಸಿಡಿಮದ್ದನ್ನೂ ಸೂಚಿಸುತ್ತದೆ. ಆದರೆ ಲೋಹ ಕೆಡುವುದನ್ನು ಹೇಳುವಾಗ ನಮ್ಮ ಜನ ಸಾಮಾನ್ಯವಾಗಿ ಎರಡು ಪದಗಳನ್ನು ಬೇರೆಬೇರೆಯಾಗಿ ಬಳಸುತ್ತಾರೆ. ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಕಿಲುಬನ್ನು ಹುಣಸೆಹಣ್ಣಿನಿಂದ ಉಜ್ಜಿ ತೆಗೆಯುತ್ತಾರೆ. ಕತ್ತಿ ಕುಡುಗೋಲುಗಳಿಗೆ ಮಾತ್ರ ಯಾರೂ ಹುಣಸೆಹುಳಿ ಹಚ್ಚಿಡುವುದಿಲ್ಲ. ಒರೆಸಿ ಎಣ್ಣೆ ಸವರಿಡುತ್ತಾರೆ. ಅಡುಗೆಮನೆ ಮತ್ತು ಕೊಟ್ಟಿಗೆಗಳ ಈ ತಿಳಿವಳಿಕೆ, ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರ ಗ್ರಾಮದಲ್ಲಿ ದೊರೆತ ಕಬ್ಬಿಣದ ರಾಕೆಟ್‌ಗಳ ಅಧ್ಯಯನಕ್ಕೆ ಹೇಗೆ ನೆರವಾಗಬಲ್ಲದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ನಗರವು ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಹೈದರಾಲಿ ಇದನ್ನು ವಶಪಡಿಸಿಕೊಂಡು ಹೈದರ್‌ನಗರವೆಂದು ಕರೆದನು. 2002ರಲ್ಲಿ ಇಲ್ಲಿನ ಬಾವಿಯೊಂದರ ಹೂಳೆತ್ತುವಾಗ ನೂರಕ್ಕೂ ಹೆಚ್ಚು ತುಕ್ಕುಹಿಡಿದ ಕಬ್ಬಿಣದ ಕೊಳವೆಗಳು ದೊರೆತವು. ಅವು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯವನ್ನು ಸೇರಿದರೂ ಬಹುಕಾಲ ಫಿರಂಗಿಯ ಗುಂಡುಗಳೆಂದೇ ಪರಿಗಣಿತವಾಗಿದ್ದವು. ಮೈಸೂರು ರಾಕೆಟ್‌ಗಳೆಂದು ಗುರುತಿಸಲು ಕೆಲವು ವರ್ಷಗಳೇ ಬೇಕಾದವು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಪಾಳುಬಾವಿಯಲ್ಲಿ ಉತ್ಖನನ ನಡೆಸಿದಾಗ ಮತ್ತೆ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಅವುಗಳ ಉದ್ದ ಸುಮಾರು 23ರಿಂದ 26 ಸೆಂಟಿಮೀಟರ್. ಬಾವಿಯ ಕೆಸರುಮಣ್ಣಿಗೆ ಮದ್ದಿನ ವಾಸನೆಯಿದ್ದುದೇ ಅಗೆತಕ್ಕೆ ಸುಳಿವಾಯಿತೆಂದು ಆಗಿನ ವರದಿಗಳು ತಿಳಿಸುತ್ತವೆ.

ಮೈಸೂರಿನ ಸೈನ್ಯದಲ್ಲಿ ಬಾಣವೆಂದೇ ಹೆಸರಾಗಿದ್ದ ಈ ಆಯುಧದ ಹಿರಿಮೆ ಅದರ ಕಬ್ಬಿಣದ ಕೊಳವೆಯಲ್ಲಿತ್ತು. ಬಿದಿರು ಅಥವಾ ಕಾಗದದ ಕೊಳವೆಗಿಂತ ಕಬ್ಬಿಣದ್ದು ಹೆಚ್ಚಿನ ಒತ್ತಡವನ್ನು ತಾಳುತ್ತಿದ್ದುದರಿಂದ ಬಾಣ ದೂರ ಹಾರುತ್ತಿತ್ತು. ಕೊಳವೆಯನ್ನು ತೊಗಲಿನ ಪಟ್ಟಿಯಿಂದ ಉದ್ದನೆಯ ಬಿದಿರಿಗೆ ಕಟ್ಟುತ್ತಿದ್ದರು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿದ ಕಾಳಗದಲ್ಲಿ ಇವುಗಳ ಬಳಕೆಯಾಗಿತ್ತು. 1799ರ ನಂತರ ಇಂಗ್ಲೆಂಡಿಗೆ ಹೋದ ಮಾದರಿಗಳು ವಿಲಿಯಂ ಕಾಂಗ್ರೀವ್‌ನ ಪ್ರಯೋಗಗಳಿಗೆ ಪ್ರೇರಣೆಯಾದುದು ಪ್ರಸಿದ್ಧವೇ ಆಗಿದೆ. ಈ ಕೀರ್ತಿಯ ಕಥನ ಸಾಕಷ್ಟು ನಡೆದಿದೆ. ಹಾರದೆ ಉಳಿದ ಬಾಣಗಳ ಕಥೆ ಮಾತ್ರ ಇನ್ನೂ ಆರಂಭದಲ್ಲಿದೆ.

ಮದ್ದಿನ ಘಟಕಗಳು ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ನೀರಿನಲ್ಲಿ ಸುಲಭವಾಗಿ ಕರಗುತ್ತದೆ: 20 ಡಿಗ್ರಿ ಉಷ್ಣತೆಯಲ್ಲಿ 100 ಮಿಲಿಲೀಟರ್ ನೀರಿಗೆ ಸುಮಾರು 32 ಗ್ರಾಂ. ಇದ್ದಿಲು ಮತ್ತು ಗಂಧಕಗಳು ಹಾಗೆ ಕರಗುವುದಿಲ್ಲ. ಆದ್ದರಿಂದ ನೆನೆದ ಮದ್ದಿನಲ್ಲಿ ಮೊದಲು ನಷ್ಟವಾಗುವುದು ಪೆಟ್ಲುಪ್ಪು. ಅದರೊಡನೆ ಸಿಡಿಯುವ ಗುಣವೂ ಕುಂದುತ್ತದೆ. ಕರಗಿದ ಲವಣ ಕೊಳವೆಯ ಒಳಮೈಗೆ ಹತ್ತಿ ಕಬ್ಬಿಣವನ್ನು ತಿನ್ನಲು ನೆರವಾಗುತ್ತದೆ. ಗಂಧಕ ಉಳಿದು ಕಬ್ಬಿಣದೊಡನೆ ಸೇರಿ ಕಪ್ಪು ಸಲ್ಫೈಡ್ ಆಗಬಹುದು. ಹೀಗೆ ಬಾಣಕ್ಕೆ ತುಕ್ಕು ಹೊರಗಿನಿಂದ ಮಾತ್ರ ಬರುವುದಿಲ್ಲ, ಅದರ ಹೊಟ್ಟೆಯೊಳಗಿನಿಂದಲೂ ಬರುತ್ತದೆ.

ಕೆಲವು ವರದಿಗಳಲ್ಲಿ ಈ ರಾಕೆಟ್‌ಗಳಲ್ಲಿ ಮೆಗ್ನೀಷಿಯಂ ಪುಡಿಯಿತ್ತೆಂದು ಹೇಳಲಾಗಿದೆ. ಇದನ್ನು ಒಪ್ಪುವುದು ಕಷ್ಟ. ಮೆಗ್ನೀಷಿಯಂ ಲೋಹವನ್ನು ಹಂಫ್ರಿ ಡೇವಿ ಬೇರ್ಪಡಿಸಿದ್ದು 1808ರಲ್ಲಿ. ಟಿಪ್ಪು ಮಡಿದ ಒಂಬತ್ತು ವರ್ಷಗಳ ಅನಂತರ. ಪರೀಕ್ಷೆಯಲ್ಲಿ ಆ ಧಾತು ಕಂಡಿದ್ದರೆ ಅದು ಮಣ್ಣಿನ ಅಥವಾ ನೀರಿನ ಲವಣದ್ದಾಗಿರಬೇಕು. ಇನ್ನೂರು ವರ್ಷ ಕೆಸರಿನಲ್ಲಿದ್ದ ವಸ್ತುವಿನೊಳಗೆ ಸಿಕ್ಕುವುದೆಲ್ಲ ಅದನ್ನು ಮಾಡಿದವನು ತುಂಬಿದ್ದಲ್ಲ.

ಇವು ಬಾವಿಗೆ ಬಂದದ್ದು ಹೇಗೆ? ಯುದ್ಧಕ್ಕೆಂದು ದಾಸ್ತಾನು ಮಾಡಿದ್ದವು ಎಂಬ ಅಭಿಪ್ರಾಯ ಪ್ರಚಾರದಲ್ಲಿದೆ. ಆದರೆ ಇದೇ ತಾಲೂಕಿನ ಹುಲಿಕಲ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ಅಂಥ ಮಲೆನಾಡಿನಲ್ಲಿ ಮದ್ದು ಬಲ್ಲವರು ಅದನ್ನು ತಿಳಿದೂ ತಿಳಿದೂ ಬಾವಿಯಲ್ಲಿ ದಾಸ್ತಾನಿಡುತ್ತಿದ್ದರೆ? ಮದ್ದನ್ನು ಒಣಗಿದ ಸ್ಥಿತಿಯಲ್ಲಿ ಕಾಯುವ ಕಲೆ ಆ ಆಡಳಿತಕ್ಕೆ ತಿಳಿದಿತ್ತು ಎಂಬುದಕ್ಕೆ ಶ್ರೀರಂಗಪಟ್ಟಣದ ಮದ್ದಿನ ಮನೆಗಳೇ ಸಾಕ್ಷಿ. ಇಟ್ಟಿಗೆ ಗಾರೆಗಳ ದಪ್ಪ ಗೋಡೆಯ ಆ ಕಟ್ಟಡಗಳಲ್ಲಿ ಒಂದನ್ನು ರೈಲುಮಾರ್ಗದ ಜೋಡಿಹಳಿಗಾಗಿ 2017ರಲ್ಲಿ ಇಡಿಯಾಗಿ ಬೇರೆಡೆಗೆ ಸರಿಸಿದ್ದು ಓದುಗರಿಗೆ ನೆನಪಿರಬಹುದು. ಇನ್ನೊಂದೆಡೆ, 1783ರ ಒಂದೇ ವರ್ಷದಲ್ಲಿ ನಗರದ ಕೋಟೆ ಎರಡು ಬಾರಿ ಕೈಬದಲಾಯಿತು. ವರ್ಷಾರಂಭದಲ್ಲಿ ಜನರಲ್ ಮ್ಯಾಥ್ಯೂಸ್ ಅದನ್ನು ಪಡೆದನು; ಏಪ್ರಿಲ್ ಕೊನೆಯ ವೇಳೆಗೆ ಟಿಪ್ಪು ಮರಳಿ ಗೆದ್ದನು. ಶತ್ರುವಿನ ಕೈಗೆ ಸಿಗದಂತೆ ಆತುರದಲ್ಲಿ ಹಾಕಿದ್ದು, ಇಲ್ಲವೇ ಗೆದ್ದವರು ನಿರುಪಯೋಗಿ ಮಾಡಲು ಎಸೆದದ್ದು ಎಂಬ ಊಹೆಯೇ ನನಗೆ ಹೆಚ್ಚು ಸಮಂಜಸವಾಗಿ ತೋರುತ್ತದೆ. ಇದು ಊಹೆ ಮಾತ್ರ. ಇದನ್ನು ಪರೀಕ್ಷಿಸುವ ಸಾಧನ ತುಕ್ಕಿನಲ್ಲಿಯೇ ಇದೆ: ಒಣ ಉಗ್ರಾಣದಲ್ಲಿ ಕೆಲಕಾಲ ಇದ್ದು ಆಮೇಲೆ ನೀರಿಗೆ ಬಿದ್ದ ಕಬ್ಬಿಣದ ಪದರಗಳೂ ಹೊಸದಾಗಿಯೇ ಮುಳುಗಿದ್ದರ ಪದರಗಳೂ ಒಂದೇ ತೆರನಾಗಿರಬೇಕಿಲ್ಲ. ತೊಗಲು ಬಿದಿರುಗಳು ಕೊಳೆತುಹೋಗಿದ್ದರೂ ಅವುಗಳ ಅಚ್ಚು ತುಕ್ಕಿನಲ್ಲಿ ಉಳಿದಿರುವ ಸಾಧ್ಯತೆಯಿದೆ. ಉಳಿದಿದ್ದರೆ ಇವು ಕಟ್ಟಿ ಸಿದ್ಧವಾಗಿದ್ದ ಬಾಣಗಳೋ ಬರಿಯ ಕೊಳವೆಗಳೋ ಎಂಬುದು ತೀರ್ಮಾನವಾಗುತ್ತದೆ.

ಆದ್ದರಿಂದಲೇ ಉಜ್ಜಿ ಹೊಳಪು ಬರಿಸುವ ಉತ್ಸಾಹಕ್ಕೆ ಹೆದರಬೇಕು. ಕೆಸರಿನ ಆಳದಲ್ಲಿ ಗಾಳಿ ವಿರಳ, ತುಕ್ಕಿನ ವೇಗವೂ ಕಡಿಮೆ. ಬಾವಿಯಿಂದ ಎತ್ತಿದ ದಿನವೇ ಕಬ್ಬಿಣಕ್ಕೆ ಅತ್ಯಂತ ಅಪಾಯದ ದಿನ. ಅಂದು ಅದಕ್ಕೆ ಗಾಳಿ ತಾಗುತ್ತದೆ, ಒಳಗಿನ ಲವಣ ಮೇಲೇಳುತ್ತದೆ, ಪದರಗಳು ಹೆಕ್ಕಳಿಕೆಯಾಗಿ ಉದುರುತ್ತವೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕೊಳವೆ ಸೀಳುವುದೂ ಉಂಟು. ಸಂರಕ್ಷಣಾ ತಜ್ಞರು ಇಂಥ ಕಬ್ಬಿಣವನ್ನು ಕ್ಷಾರದ ದ್ರಾವಣದಲ್ಲಿ ತಿಂಗಳುಗಟ್ಟಲೆ ನೆನೆಸಿ ಕ್ಲೋರೈಡನ್ನು ಹೊರಗೆಳೆಯುತ್ತಾರೆ. ಬಳಿಕ ಟ್ಯಾನಿಕ್ ಆಮ್ಲವನ್ನೂ ಮೇಣವನ್ನೂ ಲೇಪಿಸಿ ಒಣಹವೆಯಲ್ಲಿಡುತ್ತಾರೆ. ಮದ್ದು ಉಳಿದಿರುವ ಕೊಳವೆಯ ವಿಷಯದಲ್ಲಿ ಇದಕ್ಕೂ ಮುಂಚೆ ಸ್ಫೋಟಕ ತಜ್ಞರ ಪರೀಕ್ಷೆ ನಡೆಯಬೇಕು. ಒದ್ದೆಯಾಗಿರುವಷ್ಟು ಕಾಲ ಅದು ತಣ್ಣಗಿರುತ್ತದೆ. ಪೆಟ್ಲುಪ್ಪು ಉಳಿದಿದ್ದು ಒಣಗಿತೆಂದರೆ ಕಿಡಿಗೆ ಹೊತ್ತಿಕೊಳ್ಳಬಲ್ಲದು. ತಂತಿಬ್ರಷ್ಷಿನಿಂದ ತಿಕ್ಕುವುದು ವಸ್ತುವಿಗೂ ತಿಕ್ಕುವವನಿಗೂ ಕೇಡು.

ಜಾನಪದ ಅಭ್ಯಾಸಿಯಾಗಿ ಇಲ್ಲಿ ಒಂದು ಮಾತು ಸೇರಿಸಬಯಸುತ್ತೇನೆ. ಆಯುಧಪೂಜೆಯನ್ನು ನಾವು ಶಕ್ತಿಯ ಆರಾಧನೆಯೆಂದು ವ್ಯಾಖ್ಯಾನಿಸುತ್ತ ಬಂದಿದ್ದೇವೆ. ಅದು ಬರುವುದು ಆಶ್ವಯುಜದಲ್ಲಿ, ಮಳೆಗಾಲ ಹಿಂದೆಗೆಯುವ ಹೊತ್ತಿಗೆ. ಅಂದರೆ ತೇವ ಕಬ್ಬಿಣಕ್ಕೆ ಮಾಡಬಹುದಾದ ಕೇಡನ್ನೆಲ್ಲ ಮಾಡಿ ಮುಗಿಸಿದ ಮೇಲೆ. ಅಟ್ಟದ ಕತ್ತಿ, ಕೊಟ್ಟಿಗೆಯ ಗುಳ ಎಲ್ಲವೂ ಅಂದು ಬೆಳಕಿಗೆ ಬಂದು ಒರೆಸಿಕೊಳ್ಳುತ್ತವೆ, ಎಣ್ಣೆ ಕಾಣುತ್ತವೆ. ವರ್ಷಕ್ಕೊಮ್ಮೆ ಇಡೀ ದಾಸ್ತಾನನ್ನು ತೆಗೆದು ನೋಡುವ ಈ ಕಟ್ಟುಪಾಡಿನ ಹಿಂದೆ ಉಗ್ರಾಣದ ವಿವೇಕವೂ ಇದೆಯೆಂದು ನನ್ನ ಭಾವನೆ.

ನಗರದ ಸಾವಿರ ಬಾಣಗಳನ್ನೆಲ್ಲ ಒಂದೇ ವಿಧಾನದಲ್ಲಿ ಶುಚಿಗೊಳಿಸಬೇಕಾದ ಅಗತ್ಯವಿಲ್ಲ. ಪ್ರದರ್ಶನಕ್ಕೆ ಕೆಲವು ಸಾಕು. ಮದ್ದಿಲ್ಲವೆಂದು ಖಚಿತವಾದ ಒಂದಷ್ಟನ್ನಾದರೂ ಮಣ್ಣು, ತುಕ್ಕು, ಒಳಗಿನ ಗಸಿ ಸಹಿತ ಮುಟ್ಟದೆ, ಗಾಳಿಯ ತೇವವನ್ನು ನಿಯಂತ್ರಿಸಿ ಕಾದಿರಿಸಿದರೆ, ಅವು ಬಾವಿಗೆ ಬಿದ್ದ ಬಗೆಯನ್ನು ಮುಂದಿನ ಸಂಶೋಧಕರು ಕೇಳಿ ತಿಳಿಯಲು ಅವಕಾಶವಿರುತ್ತದೆ.